ಸ್ಲ್ಯಾಬಿನ ಸೆಕೆಗೆ ಸುಣ್ಣವೋ, ಬಿಳಿ ಪೇಂಟೋ, ಫೋಮ್ ಹಾಳೆಯೋ?

ದುಡ್ಡು ಹೊಂದುವುದಾದರೆ ಎಕ್ಸ್‌ಪಿಎಸ್ ಹಾಳೆ, ಅಂದರೆ ಬಿಸಿ ತಡೆಯುವ ಗಟ್ಟಿ ಫೋಮ್ ಹಾಳೆ, ಹಾಕಿಸಿ. ವಿಜಯಪುರದ ನಮ್ಮ ಮನೆ ಮೇಲೆ ಮೂರು ಬೇಸಿಗೆಯಲ್ಲಿ ಮೂರನ್ನೂ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ನಮ್ಮಲ್ಲಿ ಹಗಲಿಗಿಂತ ರಾತ್ರಿಯದೇ ಕಷ್ಟ. 40 ಡಿಗ್ರಿ ಬಿಸಿಲನ್ನು ಸ್ಲ್ಯಾಬ್ ಹಗಲೆಲ್ಲ ಕುಡಿಯುತ್ತದೆ, ಕತ್ತಲಾದ ಮೇಲೆ ಕೋಣೆಯೊಳಗೆ ಬಿಡುತ್ತದೆ. ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಛತ್ತಿಗೆ ಅಂಗೈ ಇಟ್ಟರೆ ಇನ್ನೂ ಬಿಸಿ. ಫ್ಯಾನ್ ಹಾಕಿದರೆ ಅದೇ ಬಿಸಿ ಮೈಮೇಲೆ.

ಸುಣ್ಣ ಅಗ್ಗ. ಅಂಟು ಬೆರೆಸಿ ಎರಡು ಕೋಟ್ ಹೊಡೆದೆವು. ಕೋಣೆ ತಂಪಾಗಿದ್ದು ನಿಜ. ಆದರೆ ನಮ್ಮ ಮಾಳಿಗೆ ಖಾಲಿ ಇರುವುದಿಲ್ಲ. ಅವ್ವ ಶ್ಯಾವಿಗೆ, ಹಪ್ಪಳ, ಮೆಣಸಿನಕಾಯಿ ಒಣಹಾಕುತ್ತಾಳೆ, ರಾತ್ರಿ ನಾವು ಅಲ್ಲೇ ಮಲಗುತ್ತೇವೆ. ಕಾಲಿಗೆ, ಚಾಪೆಗೆ, ಎಲ್ಲಾ ಕಡೆ ಸುಣ್ಣ. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ತೊಳೆದು ಹೋಗಿತ್ತು.

ಬಿಳಿ ಪೇಂಟ್, ಅಂದರೆ ಕೂಲ್ ರೂಫ್ ಪೇಂಟ್, ಗಟ್ಟಿ. ಆದರೆ ಬಿಸಿಲನ್ನು ವಾಪಸ್ ಕಳಿಸುವುದೇ ಅದರ ಕೆಲಸ, ಧೂಳು ಕೂತರೆ ಆ ಗುಣ ಕಡಿಮೆಯಾಗುತ್ತದೆ. ನೀರಿಗೆ ಪರದಾಡುವ ಮೇ ತಿಂಗಳಲ್ಲೇ ಮಾಳಿಗೆ ತೊಳೆಯಬೇಕು ಅಂದ್ರೆ ಹೇಗೆ?

ಎಕ್ಸ್‌ಪಿಎಸ್ ಅಂದರೆ ಪ್ಯಾಕಿಂಗಿನ ಥರ್ಮೊಕೋಲ್ ಅಲ್ಲ. ಭಾರ ತಾಳುತ್ತದೆ, ನೀರು ಹೀರುವುದು ತೀರಾ ಕಡಿಮೆ. ಚಳಿ ದೇಶಗಳಲ್ಲಿ ಇದನ್ನೇ ನೆಲದ ಸ್ಲ್ಯಾಬಿನ ಕೆಳಗೆ ಹಾಸಿ, ಮನೆ ಬೆಚ್ಚಗಿರಲೆಂದು ಸ್ಲ್ಯಾಬಿನೊಳಗೆ ಬಿಸಿನೀರಿನ ಪೈಪು ಓಡಿಸುತ್ತಾರೆ. ಬಿಸಿ ಮಣ್ಣಿಗೆ ಇಳಿದು ಹೋಗಬಾರದು ಅಂತ. ನಮಗೆ ಬೇಕಿದ್ದದ್ದು ಬಿಸಿ ಒಳಗೆ ಬರಬಾರದು ಅನ್ನುವುದು, ಹಾಗಾಗಿ ಸ್ಲ್ಯಾಬಿನ ಮೇಲೆ ಹಾಸಿದೆವು. ಮೊದಲು ವಾಟರ್‌ಪ್ರೂಫಿಂಗ್, ಮೇಲೆ ಎರಡು ಇಂಚಿನ ಹಾಳೆ, ಅದರ ಮೇಲೆ ಜಾಳಿಗೆ ಇಟ್ಟು ಎರಡು ಇಂಚು ಕಾಂಕ್ರೀಟ್.

ಎಡವಿದ್ದು ಇಲ್ಲೇ. ಎರಡಕ್ಕೆ ಎರಡು ಸೇರಿ ನಾಲ್ಕು ಇಂಚು ಏರಿತು. ಮೆಟ್ಟಿಲ ಕೋಣೆಯ ಹೊಸ್ತಿಲಿಗೆ ಮಾಳಿಗೆ ಸರಿಸಮ ಆಗುತ್ತದೆ ಅಂತ ಗೌಂಡಿಯೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಮೊದಲ ಅಡ್ಡಮಳೆಗೆ ನೀರು ಬಾಗಿಲ ಕೆಳಗಿನಿಂದ ನುಗ್ಗಿ, ಒಂದೊಂದೇ ಮೆಟ್ಟಿಲು ಇಳಿದು, ಕೆಳಗಿಟ್ಟ ಜೋಳದ ಚೀಲದ ಬುಡಕ್ಕೆ ಬಂದು ನಿಂತಿತು. ಅವ್ವ ಎರಡು ದಿನ ಆ ಜೋಳ ಹರವಿ ಒಣಗಿಸಿದಳು. ಅವಳ ಮುಖ ನೋಡಲು ಆಗಲಿಲ್ಲ.

ಆಮೇಲೆ ಹೊಸ್ತಿಲಿಗೆ ನಾಲ್ಕು ಇಂಚಿನ ಕಲ್ಲು ಕೂರಿಸಿದೆವು. ಆಗ ಕಬ್ಬಿಣದ ಬಾಗಿಲು ಮುಚ್ಚಲಿಲ್ಲ. ವೆಲ್ಡಿಂಗಿನವನನ್ನು ಕರೆದು ಬಾಗಿಲನ್ನು ಕೆಳಗಿಂದ ಕತ್ತರಿಸಿ, ಹೊಸ ಪಟ್ಟಿ ಬೆಸೆಸಿದೆವು. ನೀರು ಹೋಗುವ ಪೈಪಿನ ಬಾಯಿಯ ಸುತ್ತ ಕಾಂಕ್ರೀಟ್ ಒಡೆದು ಮತ್ತೆ ಇಳಿಜಾರು ಕೊಡಬೇಕಾಯಿತು. ಹಾಳೆಗಿಂತ ಈ ರಿಪೇರಿಯೇ ನನ್ನನ್ನು ಜಾಸ್ತಿ ಸುಸ್ತು ಮಾಡಿತು. ಹಳೇ ಮನೆಯಾದರೆ ಹಾಳೆ ತರುವ ಮೊದಲೇ ಹೊಸ್ತಿಲಿಗೆ ಟೇಪ್ ಹಿಡಿಯಿರಿ.

ಇಷ್ಟಾದರೂ ನನ್ನ ಆಯ್ಕೆ ಅದೇ. ನಮ್ಮದು ಸ್ವಂತ ಮನೆ, ಮಾಳಿಗೆ ದಿನಾ ಬಳಸುತ್ತೇವೆ, ವರ್ಷಾ ವರ್ಷಾ ಬ್ರಷ್ ಹಿಡಿಯಲು ಆಗುವುದಿಲ್ಲ. ಖರ್ಚು ಮೂರರಲ್ಲಿ ಇದಕ್ಕೇ ಹೆಚ್ಚು, ಎಸಿ ತರೋಣ ಅಂತ ಕೂಡಿಟ್ಟ ದುಡ್ಡು ಇದಕ್ಕೆ ಹೋಯಿತು. ಬಾಡಿಗೆ ಮನೆಯವರು ಸುಣ್ಣವನ್ನೇ ಹೊಡೆಯಿರಿ. ಈ ಮೇನಲ್ಲಿ ರಾತ್ರಿ ಹತ್ತಕ್ಕೆ ಮತ್ತೆ ಸ್ಟೂಲ್ ಹತ್ತಿ ನೋಡಿದೆ. ಛತ್ತು ಗೋಡೆಯಷ್ಟೇ ತಣ್ಣಗಿತ್ತು.