ಕ್ಯಾನ್ ನೀರು ತರಿಸುತ್ತಿದ್ದೀರಾ? ಅದನ್ನೂ ಒಮ್ಮೆ ಲ್ಯಾಬಿಗೆ ಕೊಡಿ

ನಮ್ಮ ಬೋರಿನ ನೀರು ಕುಡಿಯಲು ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಹದಿನಾಲ್ಕು ತಿಂಗಳು ದುಡ್ಡು ಕೊಟ್ಟು ಬೇರೆ ನೀರು ಕುಡಿದೆವು. ಆ ನೀರಿನಲ್ಲೂ ಹಲ್ಲು, ಎಲುಬು ಕೆಡಿಸುವ ಫ್ಲೋರೈಡ್ ಮಿತಿ ಮೀರಿ ಇತ್ತು. ಬೋರಿನದು ಬಿಡಿ, ಅದು ನೆಲದ ಗುಣ, ಬೈದರೆ ಏನೂ ಬರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಈ ದುಡ್ಡು ಕೊಟ್ಟ ನೀರಿಗೆ.

ನಮ್ಮದು ಗದಗ ಜಿಲ್ಲೆಯ ಮುಂಡರಗಿ ತಾಲೂಕು. ಮನೆ ಊರ ಹೊರಗೆ, ಹೊಲದ ಮಗ್ಗುಲು. ಊರೊಳಗೆ ತುಂಗಭದ್ರೆಯ ನೀರು ನಳಕ್ಕೆ ಬರುತ್ತದೆ. ನಮ್ಮ ಕಡೆ ಪೈಪು ಬಂದಿಲ್ಲ, ಹಾಗಾಗಿ 420 ಅಡಿಯ ಬೋರೇ ಗತಿ. ನೀರು ತಿಳಿಯಾಗಿತ್ತು, ವಾಸನೆ ಇಲ್ಲ, ಸ್ವಲ್ಪ ಸವಳು ಅಷ್ಟೇ. ಕಂದು ಹಲ್ಲು, ಬಾಗಿದ ಬೆನ್ನು ನಮ್ಮ ಭಾಗದಲ್ಲಿ ಹೊಸದಲ್ಲ. ಆದರೂ ನಮ್ಮ ಮನೆಯೊಳಗೇ ಬಂದಾಗ ಗುರುತು ಹತ್ತಲಿಲ್ಲ. ಏಳು ವರ್ಷದ ಮಗಳಿಗೆ ಹೊಸ ಮುಂದಿನ ಹಲ್ಲು ಬಂದವು. ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಪಟ್ಟೆ, ನಡುವೆ ಕಂದು ಕಲೆ. ಸರಿಯಾಗಿ ಹಲ್ಲುಜ್ಜುವುದಿಲ್ಲ ಅಂತ ಪಾಪ ಅವಳಿಗೇ ಬೈದೆ. ಹಲ್ಲಿನ ಡಾಕ್ಟರ್ ಒಂದೇ ಮಾತು ಕೇಳಿದರು: "ಮನಿಯಾಗ ಯಾವ ನೀರ್ ಕುಡೀತೀರಿ?"

ಜಿಲ್ಲಾ ಲ್ಯಾಬಿನ ವರದಿ ಬಂತು. ಫ್ಲೋರೈಡ್ ಲೀಟರಿಗೆ 3.2 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 1ರ ಒಳಗಿರಬೇಕು, ಬೇರೆ ನೀರು ಇಲ್ಲವೇ ಇಲ್ಲ ಅಂದರೆ 1.5ರ ತನಕ. ನೈಟ್ರೇಟ್ 78, ಮಿತಿ 45. ಫ್ಲೋರೈಡ್ ಕಲ್ಲಿನಿಂದ ಬರುತ್ತದೆ. ನೈಟ್ರೇಟ್ ಮಾತ್ರ ನಮ್ಮದೇ ಕೊಡುಗೆ: ಗೊಬ್ಬರ, ತಿಪ್ಪೆ, ಪಾಯಖಾನೆ ಗುಂಡಿ. ಬೋರಿನಿಂದ ತಿಪ್ಪೆ ಮೂವತ್ತು ಹೆಜ್ಜೆಯೂ ಇಲ್ಲ.

ಅವಾಗಲೇ ತಂಗಿ ಬಾಣಂತನಕ್ಕೆ ಬಂದಿದ್ದಳು. ಹಾಲು ಸಾಲದೆ ಕೂಸಿಗೆ ಡಬ್ಬಿ ಹಾಲು ಶುರುವಾಗಿತ್ತು. ಅವ್ವ ಅದಕ್ಕೆ ಅದೇ ನೀರನ್ನು ಕಾಲು ಗಂಟೆ ಕುದಿಸಿ, ಆರಿಸಿ ಕೊಡುತ್ತಿದ್ದಳು. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆ ಆದಷ್ಟೂ ಉಳಿದ ನೀರಿನಲ್ಲಿ ಅವು ಜಾಸ್ತಿಯೇ ಆಗುತ್ತವೆ. ಆರು ತಿಂಗಳೊಳಗಿನ ಕೂಸಿಗೆ ನೈಟ್ರೇಟ್ ಹೆಚ್ಚಾದರೆ ರಕ್ತ ಆಮ್ಲಜನಕ ಸಾಗಿಸುವುದು ಕಡಿಮೆಯಾಗಿ ಮೈ ನೀಲಿಗಟ್ಟಬಹುದು. ಡಾಕ್ಟರ್ ಇದನ್ನು ಹೇಳಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಕೂಸಿಗೆ ಏನೂ ಆಗಲಿಲ್ಲ. ಆದರೆ ಆ ಗಾಬರಿಯಲ್ಲೇ ನಾವು ಮೋಸಕ್ಕೆ ಸಿಕ್ಕಿದ್ದು.

ನೀರು ಶೋಧಿಸುವ ಮಷೀನು ಮಾರುವವನೊಬ್ಬ ಬೈಕಿನಲ್ಲಿ ಬಂದ. ಒಂದು ಗ್ಲಾಸಿನಲ್ಲಿ ನಮ್ಮ ಬೋರಿನ ನೀರು, ಇನ್ನೊಂದರಲ್ಲಿ ಅವನು ತಂದ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟ. ನಮ್ಮ ನೀರು ಎರಡು ನಿಮಿಷದಲ್ಲಿ ಕೊಚ್ಚೆಯ ಹಾಗೆ ಆಯಿತು. "ನೋಡ್ರಿ ಅಣ್ಣಾರ, ಇಷ್ಟ್ ದಿನ ಇದನ್ನ ಕುಡದೀರಿ." ಅವ್ವ ಬಾಯಿ ಮೇಲೆ ಸೆರಗಿಟ್ಟುಕೊಂಡಳು. ಆಮೇಲೆ ಗೊತ್ತಾಯಿತು, ಆ ಕೊಚ್ಚೆ ನೀರಿನದಲ್ಲ. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಹರಿದು ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗುತ್ತದೆ. ಅವನ ಶುದ್ಧ ನೀರಿಗೆ ಚಿಟಿಕೆ ಉಪ್ಪು ಹಾಕಿದ್ದರೆ ಅದೂ ಹಾಗೇ ಆಗುತ್ತಿತ್ತು. ಇದನ್ನು ಈಗಲೂ ಹಳ್ಳಿಗಳಲ್ಲಿ ತೋರಿಸುತ್ತಾರೆ, ನಗಬೇಡಿ, ಎದುರು ಕೂತಾಗ ಯಾರಾದರೂ ನಂಬುತ್ತಾರೆ.

16,500 ರೂಪಾಯಿ ಕೊಟ್ಟೆ. ಬಿಲ್ ಆಮೇಲೆ ಕಳಿಸುತ್ತೇನೆ ಅಂದ, ಇವತ್ತಿಗೂ ಬಂದಿಲ್ಲ.

ಒಂಬತ್ತು ತಿಂಗಳು ಆ ನೀರು ಕುಡಿದೆವು. ಪಂಚಾಯ್ತಿಯಿಂದ ಕಿಟ್ ಹಿಡಿದು ಶಾಲೆಯ ನೀರು ಪರೀಕ್ಷೆಗೆ ಬಂದಿದ್ದ ಅಕ್ಕನಿಗೆ ನಮ್ಮವಳು ಸುಮ್ನೆ ಒಂದು ಬಾಟಲಿ ಕೊಟ್ಟಳು. ಕಾರ್ಡಿನ ಬಣ್ಣಕ್ಕೆ ಹಿಡಿದು ನೋಡಿ ಆ ಅಕ್ಕ, "ಇದು ಸರಿ ಇಲ್ಲವ್ವ" ಅಂದಳಂತೆ. ಲ್ಯಾಬಿಗೆ ಕೊಟ್ಟರೆ ಫ್ಲೋರೈಡ್ 1.8. ಮಷೀನು ಬಿಚ್ಚಿಸಿದೆ. ಆರ್‌ಒ ಪೊರೆ, ಅಂದರೆ ನೀರಿನ ಲವಣ ತಡೆಯುವ ತೆಳು ಹಾಳೆ, ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಆದರೆ ಪಕ್ಕದಲ್ಲಿ ಒಂದು ಸಣ್ಣ ತಿರುಪು, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಅಡ್ಜಸ್ಟರ್ ಅಂತಾರೆ. ರುಚಿ ಬರಲಿ ಅಂತ ಶೋಧಿಸದ ನೀರನ್ನು ಶೋಧಿಸಿದ ನೀರಿಗೆ ಬೆರೆಸುವುದೇ ಅದರ ಕೆಲಸ. ಅರ್ಧದಷ್ಟು ತೆರೆದಿಟ್ಟು ಹೋಗಿದ್ದ. 1.8 ಬಂದದ್ದು ನೋಡಿದರೆ ಪ್ರತಿ ಲೋಟದಲ್ಲೂ ಹೆಚ್ಚುಕಮ್ಮಿ ಅರ್ಧ ಹಸಿ ಬೋರಿನ ನೀರು. ಅವ್ವ ಮಷೀನಿನ ವೇಸ್ಟ್ ನೀರನ್ನು ಹಾಳು ಮಾಡಬಾರದು ಅಂತ ಎಮ್ಮೆಯ ಬಾನಿಗೆ ಹಾಕುತ್ತಿದ್ದಳು. ಪೊರೆ ತಡೆದ ಫ್ಲೋರೈಡೆಲ್ಲ ಸೇರುವುದು ಆ ನೀರಿಗೇ. ದನಕ್ಕೂ ಹಲ್ಲು, ಎಲುಬು ಇವೆ ಅಲ್ವಾ.

ಮಷೀನಿನ ಸಹವಾಸ ಸಾಕು ಅಂತ ಕ್ಯಾನಿಗೆ ಹೋದೆವು. 20 ಲೀಟರಿಗೆ 30 ರೂಪಾಯಿ, ಮನೆ ಬಾಗಿಲಿಗೆ. "ಹಮ್ಮಿಗಿ ಹೊಳಿ ನೀರ ಐತ್ರಿ, ಶೋಧಿಸಿ ಕೊಡ್ತೀವ್ರಿ" ಅಂದ ಕ್ಯಾನಿನವನು, ಅಂದರೆ ತುಂಗಭದ್ರೆಯ ನೀರು. ಈ ಸಲ ನಾನೂ ಜಾಣ, ಟಿಡಿಎಸ್ ಮೀಟರ್ ತಂದಿದ್ದೆ! 460 ತೋರಿಸಿತು, ನಮ್ಮ ಬೋರಿನದು 1,400. ನೀರು ಸಿಹಿ, ನೋಡೋಣ ಅಂತ ಒಮ್ಮೆ ಬೇಳೆಗೆ ಹಾಕಿದರೆ ಬೇಗ ಬೆಂದಿತು. ಐದು ತಿಂಗಳು ನೆಮ್ಮದಿಯಾಗಿದ್ದೆವು.

ಆಮೇಲೆ ಕ್ಯಾನಿನ ನೀರನ್ನೂ ಲ್ಯಾಬಿಗೆ ಕೊಟ್ಟೆ. ಲ್ಯಾಬ್ ಹೇಳಿತು: ಫ್ಲೋರೈಡ್ 2.4. ಮಷೀನಿನ ನೀರಿಗಿಂತ ಕೆಟ್ಟದ್ದು.

ಟಿಡಿಎಸ್ ಮೀಟರ್ ಕರಗಿದ ಒಟ್ಟು ಲವಣ ಎಷ್ಟು ಅಂತ ಹೇಳುತ್ತದೆ, ಯಾವ ಲವಣ ಅಂತ ಹೇಳುವುದಿಲ್ಲ. ಅದರ ಮೇಲೆ, ಬಾಯಿಗೆ ಸಿಹಿ ಅನಿಸುವ ಮೆದು ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವುದುಂಟು. ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಕೆಳಗೆ ಕೂರುತ್ತದೆ, ಕಡಿಮೆ ಇದ್ದರೆ ನೀರಿನಲ್ಲೇ ಉಳಿಯುತ್ತದೆ. ನಾನು ಮೀಟರ್ ನೋಡಿ, ರುಚಿ ನೋಡಿ, ಬೇಳೆ ನೋಡಿ ನಂಬಿದ್ದೆ. ಮೂರೂ ಫ್ಲೋರೈಡಿನ ಬಗ್ಗೆ ಏನೂ ಹೇಳುವುದಿಲ್ಲ.

ಕ್ಯಾನಿನವನನ್ನು ಕೇಳಲು ಹೋದೆ. ತಗಡಿನ ಶೆಡ್ಡು, ಹಿಂದೆ ಒಂದು ಬೋರು. "ಹೊಳಿ ನೀರ ಬರಲಾರದಾಗ ಇದನ್ನ ತುಂಬತೀವ್ರಿ. ಎಲ್ಲಾರೂ ಕುಡೀತಾರ, ನಿಮಗಷ್ಟೇ ಏನಾತ್ರಿ?" ವರದಿ ತೋರಿಸು ಅಂದರೆ ಲ್ಯಾಮಿನೇಶನ್ ಮಾಡಿದ ಒಂದು ಹಾಳೆ ತಂದ. ಮೂರು ವರ್ಷ ಹಳೆಯದು. ಪಿಎಚ್, ಗಡಸುತನ, ಟಿಡಿಎಸ್ ಇದ್ದವು, ಫ್ಲೋರೈಡಿನ ಸಾಲೇ ಇರಲಿಲ್ಲ. ಕ್ಯಾನಿನ ಮೇಲೆ ಜಲಪಾತದ ಚಿತ್ರ ಬಿಟ್ಟರೆ ಲೈಸೆನ್ಸ್ ನಂಬರಾಗಲಿ, ತುಂಬಿದ ತಾರೀಖಾಗಲಿ ಇಲ್ಲ. ಐದು ತಿಂಗಳು ದಿನಾ ಎತ್ತಿಟ್ಟಿದ್ದೇನೆ ಆ ಕ್ಯಾನನ್ನು, ಒಮ್ಮೆಯೂ ಓದಿರಲಿಲ್ಲ. ಅದು ನನ್ನ ತಪ್ಪು.

ನಿಮ್ಮ ಬೋರು ಕೆಟ್ಟಿದೆ ಅಂತ ಗೊತ್ತಿದ್ದರೆ, ಯಾವ ವಸ್ತುವಿನಿಂದ ಕೆಟ್ಟಿದೆಯೋ ಅದನ್ನೇ ಹೊಸ ನೀರಿನಲ್ಲೂ ಪರೀಕ್ಷೆ ಮಾಡಿಸಿ. ಮಾರುವವನು ಬಾಟಲಿ ತುಂಬಿ ಕೊಡುವುದು ಬೇಡ, ಮನೆಗೆ ಬಂದ ಕ್ಯಾನಿನಿಂದ, ಹೇಳದೆ, ನೀವೇ ತುಂಬಿ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ನೈಟ್ರೇಟ್ ಕೂಡ ನೋಡಿಸುವುದಿದ್ದರೆ ತಂಪಾಗಿಟ್ಟು ಬೇಗ ಮುಟ್ಟಿಸಿ. ಒಮ್ಮೆ ಸರಿ ಬಂದರೆ ಸಾಲದು, ಬೇಸಿಗೆಯಲ್ಲಿ ಇನ್ನೊಮ್ಮೆ. ಹೊಳೆ ನೀರು ಕಡಿಮೆಯಾದಾಗಲೇ ಇವರು ಬೋರಿಗೆ ಕೈ ಹಾಕುವುದು. ಐಎಸ್‌ಐ ಗುರುತು ಇದ್ದರೆ ಕೆಳಗಿನ ಸಿಎಂ/ಎಲ್ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ, ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಆರ್‌ಒ ಇದ್ದವರು ಆ ತಿರುಪನ್ನು ಪೂರ್ತಿ ಮುಚ್ಚಿಸಿ. ಬರೀ ಯುವಿ, ಅಂದರೆ ಬೆಳಕಿನಿಂದ ಕ್ರಿಮಿ ಕೊಲ್ಲುವ ಮಷೀನಾದರೆ ಫ್ಲೋರೈಡಿಗೆ ಉಪಯೋಗವೇ ಇಲ್ಲ.

ಇನ್ನೊಂದು ಮಾತು ಮರೆತಿದ್ದೆ. ಕುಡಿಯುವ ನೀರು ಬದಲಾಯಿಸಿದ್ದೆವು, ಅಡುಗೆಯದಲ್ಲ. ಅನ್ನ, ಬೇಳೆ, ಚಹಾ, ಜೋಳದ ರೊಟ್ಟಿಗೆ ಇಡುವ ಎಸರು, ಎಲ್ಲ ಬೋರಿನದೇ. ಸ್ನಾನ, ಬಟ್ಟೆ, ಪಾತ್ರೆಗೆ ಬೋರು ನಡೆಯುತ್ತದೆ. ಹೊಟ್ಟೆಗೆ ಹೋಗುವುದಕ್ಕೆಲ್ಲ ಬೇರೆ ನೀರು ಬೇಕು. ಆರು ಜನರಿಗೆ ನಮಗೆ ದಿನಕ್ಕೆ 40 ಲೀಟರ್ ಹಿಡಿಯುತ್ತದೆ.

ಈಗ ಬೆಳಿಗ್ಗೆ ಬೈಕಿಗೆ ಎರಡು ಕ್ಯಾನು ಕಟ್ಟಿಕೊಂಡು ಊರೊಳಗಿನ ನಳದಿಂದ ತರುತ್ತೇನೆ. ಅದನ್ನೂ ಲ್ಯಾಬಿಗೆ ಕೊಟ್ಟೆ, 0.4 ಬಂತು. ನೀರು ಬಿಡದ ದಿನಕ್ಕೆ ಅಂತ ಒಂದು ಸಿಂಟೆಕ್ಸ್ ತುಂಬಿಟ್ಟಿದ್ದೇನೆ. ಮಗಳ ಕಲೆ ಹೋಗುವುದಿಲ್ಲ, ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಆದದ್ದು ಅದು. ಅವ್ವ ಮಾತ್ರ ಹೊಳೆ ನೀರಿನ ಚಹಾ ಸಪ್ಪಗೆ ಅಂತ ಗೊಣಗುತ್ತಾಳೆ. ನಾನಿಲ್ಲದಾಗ ಬೋರಿನ ನಳ ತಿರುಗಿಸುತ್ತಾಳೆ ಅಂತ ಮಗಳು ನನಗೆ ಚಾಡಿ ಹೇಳಿದ್ದಾಳೆ.