ಉಡುಪಿಯ ಕಣ್ಣಿನ ಕ್ಲಿನಿಕ್: ತೂಗುವ ಗುಂಡಿನಿಂದ ಸಿಕ್ಕ ಉತ್ತರ

ಕಲ್ಸಂಕದ ಬಳಿ ರಸ್ತೆ ದಾಟಲು ನಿಂತಿದ್ದಾಗ, ಬಲಗಡೆಯಿಂದ ಬರುತ್ತಿದ್ದ ಬಸ್ಸು ಇನ್ನೂ ಸಾಕಷ್ಟು ದೂರದಲ್ಲಿದೆ ಎಂದೇ ನನಗೆ ಕಂಡಿತ್ತು. ಹೆಂಡತಿ ತೋಳು ಹಿಡಿದು ಹಿಂದಕ್ಕೆ ಎಳೆದ ಮೇಲೆಯೇ ಅದು ಎಷ್ಟು ಹತ್ತಿರ ಬಂದಿತ್ತೆಂದು ತಿಳಿಯಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಬೇರೊಂದು ಕಡೆ ಕಣ್ಣು ತೋರಿಸಿದ್ದೆ. ಬಲಗಣ್ಣಿನಲ್ಲಿ ಪೊರೆ ಬೆಳೆಯುತ್ತಿದೆ, ಎಡಗಣ್ಣು ಚೆನ್ನಾಗಿದೆ, ಆಪರೇಷನ್ನಿಗೆ ಅವಸರವಿಲ್ಲ ಎಂದು ಅಲ್ಲಿ ಹೇಳಿ ಕಳುಹಿಸಿದ್ದರು.

ಮನೆಯಲ್ಲಿಯೂ ಒಂದು ವಿಚಿತ್ರವನ್ನು ಗಮನಿಸಿದ್ದೆ. ಮೊಮ್ಮಗಳ ತೊಟ್ಟಿಲನ್ನು ಎಡಕ್ಕೂ ಬಲಕ್ಕೂ ತೂಗುವಾಗ ಅದು ನೇರವಾಗಿ ಹೋಗಿ ಬರದೆ, ಬಲಕ್ಕೆ ಹೋಗುವಾಗ ನನ್ನತ್ತ ಬಂದಂತೆ, ಎಡಕ್ಕೆ ಮರಳುವಾಗ ಗೋಡೆಯತ್ತ ಸರಿದಂತೆ, ಒಟ್ಟಿನಲ್ಲಿ ಮೊಟ್ಟೆಯಾಕಾರದ ಸುತ್ತು ಹಾಕುತ್ತಿದ್ದಂತೆ ಕಾಣುತ್ತಿತ್ತು. ಕೊಕ್ಕೆ ಸಡಿಲವಾಗಿದೆಯೇ ಎಂದು ಸ್ಟೂಲು ಹತ್ತಿ ನೋಡಿದೆ, ಸರಿಯಾಗಿಯೇ ಇತ್ತು. ಒಂದು ಕಣ್ಣು ಮುಚ್ಚಿಕೊಂಡರೆ ತೊಟ್ಟಿಲು ನೇರವಾಗಿ ತೂಗುತ್ತಿತ್ತು.

ಇದನ್ನೆಲ್ಲ ಈ ಕ್ಲಿನಿಕ್ಕಿನಲ್ಲಿ ದೃಷ್ಟಿ ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್ ಬಳಿ ಹೇಳಿದಾಗ ಆಕೆ ನಡುವೆ ಬಾಯಿ ಹಾಕದೆ ಕೇಳಿದರು. ನನ್ನ ಮಟ್ಟಿಗೆ ಈ ಕ್ಲಿನಿಕ್ಕಿನ ಮೊದಲ ಗುಣ ಅದು. ಮೊದಲು ಚುಕ್ಕೆಗಳ ಹಾಳೆ ಕೊಟ್ಟು, ವಿಶೇಷ ಕನ್ನಡಕ ತೊಡಿಸಿ, ಚುಕ್ಕೆಗಳ ನಡುವೆ ಎದ್ದು ಕಾಣುವ ಆಕಾರಗಳನ್ನು ಗುರುತಿಸಲು ಹೇಳಿದರು. ಅದರಲ್ಲಿ ನಾನು ಸಲೀಸಾಗಿ ಪಾಸಾದೆ. ನಿಂತ ವಸ್ತುಗಳ ಆಳವನ್ನು ನನ್ನ ಎರಡು ಕಣ್ಣುಗಳು ಕೂಡಿ ಸರಿಯಾಗಿಯೇ ಅಳೆಯುತ್ತಿದ್ದವು. ಆಮೇಲೆ ದಾರಕ್ಕೆ ಕಟ್ಟಿದ ಸಣ್ಣ ಗುಂಡನ್ನು ಎದುರಿಗೆ ತೂಗಿಬಿಟ್ಟು, "ಗುಂಡು ಹೇಗೆ ಹೋಗ್ತಾ ಉಂಟು, ಸರ್?" ಎಂದು ಕೇಳಿದರು. ಸುತ್ತು ಹಾಕುತ್ತಿದೆ ಎಂದೆ. ಎಡಗಣ್ಣಿನ ಮುಂದೆ ಬೂದು ಬಣ್ಣದ ಗಾಜುಗಳನ್ನು, ತೆಳುವಿನಿಂದ ಗಾಢಕ್ಕೆ, ಒಂದೊಂದಾಗಿ ಹಿಡಿಯುತ್ತ ಹೋದರು. ಮೂರನೆಯ ಗಾಜಿಗೆ ಗುಂಡು ನೇರವಾಯಿತು.

ಇದಕ್ಕೆ ಪುಲ್ಫ್ರಿಕ್ ಪರಿಣಾಮ ಎಂದು ಹೆಸರು. ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಪುಲ್ಫ್ರಿಕ್ 1922ರಲ್ಲಿ ಇದನ್ನು ವಿವರಿಸಿದರು. ಅವರ ಒಂದು ಕಣ್ಣಿಗೆ ದೃಷ್ಟಿ ಹೋಗಿದ್ದುದರಿಂದ ತಮ್ಮ ಹೆಸರು ಹೊತ್ತ ಈ ಪರಿಣಾಮವನ್ನು ಅವರು ಸ್ವತಃ ಕಾಣುವಂತಿರಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಇನ್ನೂ ಉಳಿದಿದೆ. ಕಾರಣ ಹೀಗಿದೆ: ಕಡಿಮೆ ಬೆಳಕು ಬೀಳುವ ಕಣ್ಣಿನ ಸಂದೇಶ ಮಿದುಳಿಗೆ ತುಸು ತಡವಾಗಿ ತಲುಪುತ್ತದೆ. ವಸ್ತು ನಿಂತಿದ್ದರೆ ಈ ತಡದಿಂದ ಏನೂ ಆಗುವುದಿಲ್ಲ. ಅದು ಅಡ್ಡಲಾಗಿ ಚಲಿಸುತ್ತಿದ್ದರೆ ಮಾತ್ರ ಮಂಕಾದ ಕಣ್ಣು ಅದನ್ನು ಕ್ಷಣದ ಹಿಂದಿನ ಜಾಗದಲ್ಲಿ, ಇನ್ನೊಂದು ಕಣ್ಣು ಈಗಿನ ಜಾಗದಲ್ಲಿ ನೋಡುತ್ತದೆ. ಎರಡು ಕಣ್ಣುಗಳಿಗೆ ಕಾಣುವ ಜಾಗದ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಕಟ್ಟಿಕೊಳ್ಳುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿಯೇ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ತಮ್ಮ ಸ್ಟೀರಿಯೋಸ್ಕೋಪಿನಿಂದ ತೋರಿಸಿದ್ದರು. ಮಿದುಳು ನನ್ನ ಈ ಕಾಲದ ವ್ಯತ್ಯಾಸವನ್ನೂ ಆಳವೆಂದೇ ಓದಿಕೊಳ್ಳುತ್ತಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ 36 ಕಿಲೋಮೀಟರ್ ವೇಗದ ಬಸ್ಸು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಬಲಗಣ್ಣು ಸೆಕೆಂಡಿನ ಸಾವಿರ ಭಾಗಗಳಲ್ಲಿ 3 ಭಾಗದಷ್ಟು ತಡ ಮಾಡಿದರೂ ಅಡ್ಡ ಹಾಯುವ ಬಸ್ಸು ಅಷ್ಟರಲ್ಲಿ 3 ಸೆಂಟಿಮೀಟರ್ ಸರಿದಿರುತ್ತದೆ. ಎರಡು ಕಣ್ಣುಗಳ ನಡುವಿನ ಅಂತರವೇ ಸುಮಾರು 6 ಸೆಂಟಿಮೀಟರ್. ಬರಿಯ ರೇಖಾಗಣಿತದ ಪ್ರಕಾರ, ಬಲದಿಂದ ಎಡಕ್ಕೆ ಹೋಗುವ ಬಸ್ಸು ನನಗೆ ಎರಡರಷ್ಟು ದೂರದಲ್ಲಿ ಕಾಣಬೇಕು. ವಾಸ್ತವದಲ್ಲಿ ಅಷ್ಟಾಗದಿರುವುದು ರಸ್ತೆ, ನೆರಳು, ಬಸ್ಸಿನ ಗಾತ್ರ ಇವೆಲ್ಲ ಮಿದುಳಿನ ನೆರವಿಗೆ ಬರುವುದರಿಂದ. ಆದರೂ ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ, ರಸ್ತೆಗೆ ಕಾಲಿಟ್ಟವನಿಗೆ ಮೊದಲು ಎದುರಾಗುವುದು ಬಲದಿಂದ ಬರುವ ವಾಹನವೇ. ಪೊರೆ ಎಡಗಣ್ಣಿನಲ್ಲಿದ್ದಿದ್ದರೆ ಅದು ಇರುವುದಕ್ಕಿಂತ ಹತ್ತಿರ ಕಂಡು, ನಾನು ಹೆದರಿ ನಿಲ್ಲುತ್ತಿದ್ದೆ.

ನೇರವಾಗಿ ನಮ್ಮತ್ತಲೇ ಬರುವ ವಸ್ತುವಿನ ವಿಷಯವನ್ನೂ ಆಕೆ ಶಟಲ್ ಕಾಕ್ ಹಿಡಿದು ತೋರಿಸಿದರು. ಮೂಗಿನ ನೇರಕ್ಕೆ ಬರುವ ಕಾಕ್‌ನ ಬಿಂಬ ಎರಡು ಕಣ್ಣುಗಳಲ್ಲಿ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಪಕ್ಕದಿಂದ ದಾಟಿಹೋಗುವುದರ ಬಿಂಬ ಎರಡರಲ್ಲೂ ಒಂದೇ ದಿಕ್ಕಿಗೆ, ಬೇರೆ ಬೇರೆ ವೇಗದಲ್ಲಿ ಸರಿಯುತ್ತದೆ. ಎರಡು ಬಿಂಬಗಳ ಅಂತರ ಕ್ಷಣಕ್ಷಣಕ್ಕೂ ಬದಲಾಗುವುದನ್ನೂ ಅವುಗಳ ವೇಗದ ವ್ಯತ್ಯಾಸವನ್ನೂ ಮಿದುಳು ಬಳಸಿಕೊಳ್ಳುತ್ತದೆ. ಇವಲ್ಲದೆ, ಹತ್ತಿರ ಬಂದಂತೆ ಬಿಂಬ ಹಿಗ್ಗುವುದು ಒಂದೇ ಕಣ್ಣಿಗೂ ತಿಳಿಯುತ್ತದೆ. ಆದ್ದರಿಂದಲೇ ಅನುಮಾನ ಬಂದಾಗ ಬಲಗಣ್ಣು ಮುಚ್ಚಿ ನೋಡಿ ಎಂದು ಅವರು ಕೊಟ್ಟ ಸಲಹೆ ನನಗೆ ಬಹಳ ಉಪಯೋಗಕ್ಕೆ ಬಂತು.

ಪರಿಹಾರವಾಗಿ ನನ್ನ ಕನ್ನಡಕದ ಎಡಗಾಜಿಗೆ ಅದೇ ಮೂರನೆಯ ಬೂದು ಬಣ್ಣ ಹಾಕಿಸಿಕೊಟ್ಟರು. ಒಳ್ಳೆಯ ಕಣ್ಣನ್ನೂ ಮಂಕಾಗಿಸಿ ಎರಡನ್ನೂ ಸಮಕ್ಕೆ ತರುವ ಈ ಉಪಾಯ ಕೇಳಲು ತಲೆಕೆಳಗಾಗಿ ತೋರಿದರೂ, ಧರಿಸಿದ ಸಂಜೆಯೇ ತೊಟ್ಟಿಲು ನೇರವಾಯಿತು. ಇದು ಹಗಲಿಗೆ ಮಾತ್ರ, ಮುಸ್ಸಂಜೆಯಲ್ಲಿಯೂ ಜೋರು ಮಳೆಯಲ್ಲಿಯೂ ಸ್ಕೂಟರ್ ಬಿಡಬಾರದು, ಪೊರೆ ತೆಗೆಸುವುದೇ ನಿಜವಾದ ಚಿಕಿತ್ಸೆ ಎಂದು ಅವರೇ ಸ್ಪಷ್ಟವಾಗಿ ಹೇಳಿದರು. ಆಷಾಢದ ಮಳೆಗಾಲದಲ್ಲಿ ಆ ಗಾಜಿನ ಉಪಯೋಗ ನಿಜಕ್ಕೂ ಸೀಮಿತವಾಗಿತ್ತು.

ಕ್ಲಿನಿಕ್ ಎರಡನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ. ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರಾದ್ದರಿಂದ ಇದನ್ನು ಸಣ್ಣ ಕೊರತೆ ಎನ್ನಲಾರೆ. ಸಮಯ ಕೊಟ್ಟಿದ್ದರೂ ಮುಕ್ಕಾಲು ಗಂಟೆ ಕಾಯಬೇಕಾಯಿತು. ಪರೀಕ್ಷೆಗೆ ಮಾತ್ರ ಅವಸರ ಮಾಡಲಿಲ್ಲ.

ಕಳೆದ ತಿಂಗಳು ಬಲಗಣ್ಣಿನ ಆಪರೇಷನ್ ಆಯಿತು. ಹೊಸ ಲೆನ್ಸ್ ಕೂತ ಮೇಲೆ ಹಳೆಯ ಬೂದು ಗಾಜನ್ನು ಮುಂದುವರಿಸಿದರೆ ಈಗ ಎಡಗಣ್ಣೇ ತಡವಾಗಿ, ದೋಷ ತಿರುವುಮುರುವಾಗುತ್ತದೆ ಎಂದು ಕ್ಲಿನಿಕ್ಕಿನವರು ತಾವಾಗಿಯೇ ಫೋನ್ ಮಾಡಿ ಕರೆದು, ಮತ್ತೆ ಗುಂಡು ತೂಗಿ ನೋಡಿದರು. ಬೂದು ಗಾಜಿನಲ್ಲಿ ಅದು ಹಿಂದಿನದಕ್ಕೆ ವಿರುದ್ಧವಾಗಿ ಸುತ್ತಿತು. ಬಿಳಿ ಗಾಜಿನಲ್ಲಿ ನೇರವಾಗಿ ತೂಗಿತು. ಗಾಜು ಬದಲಿಸಿದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ.