‘ಮೊಸರಿನ ಮಂಗಮ್ಮ’ನ ಪಾಠ: ಪಟ್ಟಿ, ಅಭಿನಯ, ಪ್ರಶ್ನೆ

ಸಣ್ಣಕತೆಯೊಂದರ ಪಾತ್ರ, ದೇಶಕಾಲ ಮತ್ತು ಸಂಘರ್ಷವನ್ನು ವಿದ್ಯಾರ್ಥಿಗಳು ತಾವಾಗಿಯೇ ಗುರುತಿಸುವಂತೆ ಮಾಡಲು ಯಾವ ಬೋಧನಾಕ್ರಮ ಹೆಚ್ಚು ಫಲ ಕೊಡುತ್ತದೆ ಎಂದು ತಿಳಿಯುವ ಸಲುವಾಗಿ, ಪ್ರಥಮ ಪಿಯುಸಿ ತರಗತಿಯಲ್ಲಿ ಒಂದೇ ಕತೆಯನ್ನು ಮೂರು ವರ್ಷ ಮೂರು ಬಗೆಯಲ್ಲಿ ಪಾಠ ಮಾಡಿದೆ. ಆರಿಸಿಕೊಂಡದ್ದು ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಮೊಸರಿನ ಮಂಗಮ್ಮ’. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಮಂಗಮ್ಮ, ಸೊಸೆ ನಂಜಮ್ಮ ಮೊಮ್ಮಗನನ್ನು ಹೊಡೆದಳೆಂದು ಜಗಳವಾಡಿ, ಮಗನ ಸಂಸಾರದಿಂದ ಬೇರೆಯಾಗಿ, ಕೊನೆಗೆ ಆ ಮೊಮ್ಮಗನ ನೆಪದಲ್ಲಿಯೇ ಮತ್ತೆ ಒಂದಾಗುತ್ತಾಳೆ. ಭಾಷೆ ತಿಳಿಯಾಗಿದೆ, ವಿಷಯ ಎಲ್ಲ ಮನೆಗಳದ್ದು. ಆದರೆ ಇಡೀ ವೃತ್ತಾಂತ ನಮ್ಮನ್ನು ತಲುಪುವುದು ಅವಳಿಂದ ಮೊಸರು ಕೊಳ್ಳುವ ಪೇಟೆಯ ಗೃಹಿಣಿಯ ಬಾಯಿಂದ. ಈ ಕತೆಯನ್ನು ನಾನು ಆರಿಸಿದ್ದು ಮುಖ್ಯವಾಗಿ ಆ ಕಾರಣಕ್ಕೆ.

ಮೊದಲ ವರ್ಷ ಪಟ್ಟಿಯ ಕ್ರಮವನ್ನು ಅನುಸರಿಸಿದೆ. ಕಪ್ಪುಹಲಗೆಯ ಮೇಲೆ ಮೂರು ಅಂಕಣ ಎಳೆದು, ಕತೆ ಓದಿ ಮುಗಿಸಿದ ಮೇಲೆ ಅವುಗಳನ್ನು ತುಂಬಲು ಹೇಳಿದೆ. ಒಂದೇ ಪೀರಿಯಡ್‌ನಲ್ಲಿ ಕೆಲಸ ಮುಗಿಯಿತು, ಪರೀಕ್ಷೆಯ ಉತ್ತರಗಳೂ ಅಚ್ಚುಕಟ್ಟಾಗಿ ಬಂದವು. ಆದರೆ ನೋಟುಪುಸ್ತಕಗಳನ್ನು ತಿದ್ದಲು ಕುಳಿತಾಗ ಪಾತ್ರದ ಅಂಕಣದಲ್ಲಿ ‘ಮುಗ್ಧೆ, ಕಷ್ಟಜೀವಿ, ಮಮತಾಮಯಿ’ ಎಂಬ ಮೂರು ಪದಗಳು, ದೇಶಕಾಲದ ಅಂಕಣದಲ್ಲಿ ‘ಹಳ್ಳಿ ಮತ್ತು ಬೆಂಗಳೂರು’ ಎಂಬ ಒಂದು ಸಾಲು ಪುಸ್ತಕದಿಂದ ಪುಸ್ತಕಕ್ಕೆ ಹಾಗೆಯೇ ಮರುಕಳಿಸಿದ್ದವು. ಬೇರೆಯಾದ ಮೇಲೆ ಮಂಗಮ್ಮ ತನಗಾಗಿ ಕೊಂಡ ಮಖಮಲ್ಲಿನ ಜಾಕೀಟು (ರವಿಕೆ) ಯಾರ ಪಟ್ಟಿಯಲ್ಲಿಯೂ ಇರಲಿಲ್ಲ. ಅದನ್ನು ಯಾವ ಅಂಕಣದಲ್ಲಿ ಬರೆಯಬೇಕೆಂದು ಮಕ್ಕಳಿಗೆ ತೋಚಿರಲಿಲ್ಲ. ಕತೆಯ ಅತ್ಯಂತ ಜೀವಂತ ವಿವರ ಅಂಕಣಗಳ ನಡುವೆ ಜಾರಿಹೋಗುತ್ತದೆಂದರೆ ತಪ್ಪು ಮಕ್ಕಳದಲ್ಲ, ನಾನು ಎಳೆದ ಗೆರೆಗಳದು ಎಂದು ಆಗ ಅನ್ನಿಸಿತು.

ಮರುವರ್ಷ ಅಭಿನಯಕ್ಕೆ ಹೊರಳಿದೆ. ನಾಲ್ಕು ಗುಂಪುಗಳು ನಾಲ್ಕು ದೃಶ್ಯಗಳನ್ನು ಸಿದ್ಧಪಡಿಸಿದವು, ಇದಕ್ಕೆ ಒಂದು ವಾರವೇ ಹಿಡಿಯಿತು. ಪಾತ್ರವನ್ನು ಒಳಗಿನಿಂದ ಅರಿಯುವ ಮಟ್ಟಿಗೆ ಇದಕ್ಕೆ ಸಾಟಿಯಾದ ಕ್ರಮವನ್ನು ನಾನು ಕಂಡಿಲ್ಲ. ನಂಜಮ್ಮನ ಪಾತ್ರ ವಹಿಸಿದ ಹುಡುಗಿ ಅವಳನ್ನು ಗಯ್ಯಾಳಿಯಾಗಿ ತೋರಿಸಲು ಒಪ್ಪಲೇ ಇಲ್ಲ. “ಮಗು ನನ್ನದು ಮೇಡಂ, ಹೊಡೆದರೂ ಮುದ್ದಿಸಿದರೂ ನಾನೇ ತಾನೇ? ಅತ್ತೆ ಯಾಕೆ ನಡುವೆ ಬರಬೇಕು?” ಎಂದು ಕೇಳಿದಳು. ಜಗಳ ಮೇಲ್ನೋಟಕ್ಕೆ ಮಗುವಿನದು, ಒಳಗೆ ಮನೆಯ ಯಜಮಾನಿಕೆಯದು ಎಂಬುದು ಆ ಒಂದು ಪ್ರಶ್ನೆಯಿಂದ ತರಗತಿಗೆಲ್ಲ ಮನದಟ್ಟಾಯಿತು. ಆದರೆ ಅಭಿನಯದಲ್ಲಿ ಎರಡು ನಷ್ಟಗಳಿದ್ದವು. ಮಾತು ಕಡಿಮೆಯಿರುವ ಮಕ್ಕಳು ಮೂಲೆಗೆ ಸರಿದರು. ಕತೆ ಹೇಳುವ ಗೃಹಿಣಿ ರಂಗದಿಂದ ಪೂರ್ತಿಯಾಗಿ ಮಾಯವಾದಳು. ಎಲ್ಲವೂ ಕಣ್ಣೆದುರೇ ನಡೆಯುವಾಗ ಕೇಳಿಸಿಕೊಳ್ಳುವವಳ ಅಗತ್ಯವೇ ಅವರಿಗೆ ಕಾಣಲಿಲ್ಲ.

ಮೂರನೆಯ ವರ್ಷ ಕತೆಯನ್ನು ಗಟ್ಟಿಯಾಗಿ ಓದುತ್ತಾ ಆರು ಕಡೆ ನಿಲ್ಲಿಸಿ, ಪ್ರತಿ ನಿಲುಗಡೆಯಲ್ಲಿಯೂ ಒಂದೇ ಪ್ರಶ್ನೆ ಕೇಳಿದೆ: ಈಗ ಇವಳಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡಿ ಯಾರು ಅಥವಾ ಏನು? ಅಂದರೆ ಸಂಘರ್ಷದಿಂದ ಹೊರಟು ಪಾತ್ರ, ದೇಶಕಾಲಗಳ ಕಡೆಗೆ ನಡೆದೆವು. ಜಾಕೀಟಿನ ಭಾಗಕ್ಕೆ ಬಂದಾಗ, ಇಷ್ಟು ದಿನ ಮಗನಿಗಾಗಿ, ಮೊಮ್ಮಗನಿಗಾಗಿ ಕೂಡಿಡುತ್ತಿದ್ದವಳು ಮೊದಲ ಸಲ ತನಗಾಗಿ ಖರ್ಚು ಮಾಡಿದಳು ಎಂದು ಒಬ್ಬಳು ಹೇಳಿದಳು. ಅದು ಸಂತೋಷಕ್ಕಲ್ಲ, ಹಟಕ್ಕೆ ಎಂದು ಇನ್ನೊಬ್ಬ ತಿದ್ದಿದ. ಮಂಗಮ್ಮ ತನ್ನ ಗುಟ್ಟನ್ನು ಊರಿನ ನೆರೆಹೊರೆಯವರಿಗೆ ಹೇಳದೆ ಮೊಸರು ಕೊಳ್ಳುವವಳಿಗೆ ಏಕೆ ಹೇಳುತ್ತಾಳೆ ಎಂದು ಕೇಳಿದಾಗ, ತಾಯಿಯೊಂದಿಗೆ ಸಂತೆಯಲ್ಲಿ ತರಕಾರಿ ಮಾರುವ ಹುಡುಗ, ಸಾಮಾನ್ಯವಾಗಿ ಬಾಯಿ ಬಿಡದವನು, “ಊರಲ್ಲಿ ಹೇಳಿದರೆ ಸಂಜೆಯೊಳಗೆ ಸುದ್ದಿಯಾಗುತ್ತದೆ ಮೇಡಂ, ಪೇಟೆಯಲ್ಲಿ ಹೇಳಿದ್ದು ಪೇಟೆಯಲ್ಲೇ ಉಳಿಯುತ್ತದೆ” ಎಂದ. ಹಿಂದಿನ ಎರಡು ವರ್ಷಗಳಲ್ಲಿ ದೇಶಕಾಲದ ಬಗ್ಗೆ ಇಷ್ಟು ನಿಖರವಾದ ಮಾತನ್ನು ನಾನು ಕೇಳಿರಲಿಲ್ಲ. ಊರಿಗೂ ಪೇಟೆಗೂ ನಡುವಿನ ದೂರವೇ ಮಂಗಮ್ಮನಿಗೆ ಮನಸ್ಸು ಬಿಚ್ಚಲು ಎಡೆ ಮಾಡಿಕೊಡುತ್ತದೆ ಎಂಬುದನ್ನು ಅವನು ತನ್ನ ಬದುಕಿನಿಂದಲೇ ಬಲ್ಲವನಾಗಿದ್ದ.

ಹೀಗಾಗಿ ನನ್ನ ಒಲವು ಪ್ರಶ್ನೆಯ ಕ್ರಮದ ಕಡೆಗೆ. ಇದಕ್ಕೆ ಮೂರು ಪೀರಿಯಡ್‌ಗಳು ಬೇಕು, ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಧ್ಯಾಪಕರು ಮೊದಲೇ ನಿರ್ಧರಿಸಿಕೊಂಡಿರಬೇಕು, ಮತ್ತು ಕತೆಯನ್ನು ಮುಂಚೆಯೇ ಓದಿಬಂದ ಮಕ್ಕಳಿರುವ ತರಗತಿಯಲ್ಲಿ ಇದರ ಕುತೂಹಲ ಅರ್ಧಕ್ಕಿಳಿಯುತ್ತದೆ. ಬಹಿರಂಗವಾದ ಜಗಳವಿಲ್ಲದೆ ಒಬ್ಬನ ಮನಸ್ಸಿನೊಳಗೇ ಸುತ್ತುವ ನವ್ಯ ಸಾಹಿತ್ಯ ಚಳವಳಿಯ ಲೇಖಕರ ಮಾದರಿಯ ಕತೆಗಳಿಗೆ ‘ಅಡ್ಡಿ ಯಾರು’ ಎಂಬ ಪ್ರಶ್ನೆ ದಾರಿ ತಪ್ಪಿಸುವುದೂ ಉಂಟು. ಅಂಥಲ್ಲಿ ‘ಇವನು ಯಾವುದನ್ನು ಹೇಳದೆ ಬಿಡುತ್ತಿದ್ದಾನೆ’ ಎಂದು ಕೇಳುವುದು ಮೇಲು. ಕೊನೆಯ ಪರೀಕ್ಷೆಗೆ ಎರಡು ವಾರ ಉಳಿದಿರುವಾಗ ಪಟ್ಟಿಯನ್ನು ಬಿಟ್ಟರೆ ಬೇರೆ ದಾರಿಯಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಈಗ ನಾನು ಪಟ್ಟಿಯನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ. ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಕೊನೆಯ ಹದಿನೈದು ನಿಮಿಷ, ಆ ಮೂರು ಅಂಕಣಗಳನ್ನು ಮಕ್ಕಳೇ ಎಳೆದು ತುಂಬುತ್ತಾರೆ. ಜಾಕೀಟನ್ನು ಹಲವರು ಎರಡು ಅಂಕಣಗಳಲ್ಲಿ ಬರೆಯುತ್ತಾರೆ, ಕೆಲವರು ಗೆರೆಯ ಮೇಲೆಯೇ ಬರೆಯುತ್ತಾರೆ. ಎರಡಕ್ಕೂ ನಾನು ಪೂರ್ಣ ಅಂಕ ಕೊಡುತ್ತೇನೆ.